ಹರಳುಗಟ್ಟಿದ ಜೇನು

ಗಟ್ಟಿಯಾದ ಜೇನು ಕಲಬೆರಕೆ ಎಂದು ಮೊಟ್ಟಮೊದಲು ಹೇಳಿದವನು ಯಾರೋ ನನಗೆ ಗೊತ್ತಿಲ್ಲ. ಕೈಗೆ ಸಿಕ್ಕಿದ್ದರೆ ಅವನ ಬಾಯಿಗೆ ಅದೇ ಜೇನನ್ನು ತುರುಕಿ ಹೊಲಿದುಬಿಡುತ್ತಿದ್ದೆ. ಹೊಲಿಯಲು ಸೂಜಿ ಬೇಕು, ಸೂಜಿ ಇಟ್ಟುಕೊಳ್ಳಲು ಈಗ ಪರವಾನಗಿ ಬೇಕು, ಅದು ಬೇರೆ ಮಾತು.

ನಾನು ನೀಲಗಂಗಾ. ಗದಗದಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ, ಸೂರ್ಯಕಾಂತಿ ಹೊಲಗಳ ನಡುವೆ ಇರುವ ಗಾಯಜೇನು ಕೇಂದ್ರದಲ್ಲಿ ಸೂಕ್ಷ್ಮಜೀವಿ ಪ್ರಯೋಗಾಲಯ ನೋಡಿಕೊಳ್ಳುವವಳು. ನನ್ನ ಬಾಯಿ ಕೆಟ್ಟದ್ದು ಎಂದು ಕೇಂದ್ರದಲ್ಲೂ ಹೇಳುತ್ತಾರೆ, ಮನೆಯಲ್ಲೂ ಹೇಳುತ್ತಾರೆ. ಹೇಳಲಿ. ನಾನು ಕಂಡದ್ದನ್ನು ಕಂಡಿದ್ದರೆ ಅವರ ಬಾಯಿಯೂ ಹೀಗೇ ಆಗುತ್ತಿತ್ತು.

ನಾನು ಕಾಲೇಜಿನಲ್ಲಿದ್ದಾಗಲೇ ಪ್ರತಿಜೀವಕ ಔಷಧಗಳು ಒಂದೊಂದಾಗಿ ಕೈಕೊಡತೊಡಗಿದ್ದವು. ಕೊಡದೆ ಏನು ಮಾಡಿಯಾವು? ನೆಗಡಿಗೆ ಒಂದು ಮಾತ್ರೆ, ಹೊಟ್ಟೆನೋವಿಗೆ ಒಂದು ಮಾತ್ರೆ, ಕೋಳಿ ದಪ್ಪಗಾಗಲೆಂದು ಅದರ ಕಾಳಿನಲ್ಲಿ ಒಂದು ಹಿಡಿ. ವೈದ್ಯರು ಬರೆದುಕೊಟ್ಟದ್ದರಲ್ಲಿ ಅರ್ಧ ನುಂಗಿ, ಉಳಿದದ್ದನ್ನು ಪಕ್ಕದ ಮನೆಯವರಿಗೆ ದಾನ ಕೊಟ್ಟ ಪುಣ್ಯಾತ್ಮರು ನಾವು. ಬ್ಯಾಕ್ಟೀರಿಯಾಗಳು ಎಲ್ಲ ಔಷಧವನ್ನೂ ಪಳಗಿಸಿಕೊಂಡವು. ಆಮೇಲೆ ಗಾಯ ಎನ್ನುವುದೇ ಹೆದರಿಕೆಯ ಮಾತಾಯಿತು. ಊರಿನ ಕ್ಷೌರದಂಗಡಿಗಳು ಮುಚ್ಚಿದವು, ಗಂಡಸರೆಲ್ಲ ಗಡ್ಡ ಬಿಟ್ಟರು. ಅಡುಗೆಮನೆಯ ಈಳಿಗೆಮಣೆಗಳನ್ನು ವಾರ್ಡ್ ಕಚೇರಿಗೆ ಒಪ್ಪಿಸಿ ಬಂದೆವು. ಬದನೆಕಾಯಿಯನ್ನು ಇಡಿಯಾಗಿ ಬೇಯಿಸಿ ಕೈಯಿಂದ ಕಿವುಚುವುದು ಅಭ್ಯಾಸವಾಯಿತು. ಹೆಣ್ಣುಮಕ್ಕಳ ಕಿವಿ ಚುಚ್ಚಿಸುವುದು ನಿಂತಿತು. ಬದುವಿನ ಜಾಲಿಗಿಡಗಳನ್ನು ಬೇರುಸಹಿತ ಕಿತ್ತರು. ಮುಳ್ಳು ಚುಚ್ಚಿಸಿಕೊಂಡವನ ಮನೆಗೆ ನೆಂಟರು ಬಂದು, ಕೊನೆಯ ಸಲ ನೋಡುವವರ ಹಾಗೆ ನೋಡಿ ಹೋಗುತ್ತಿದ್ದರು.

ಉಳಿದದ್ದು ಜೇನು. ಜೇನಿನಲ್ಲಿ ಸಕ್ಕರೆ ಎಷ್ಟಿದೆಯೆಂದರೆ ಬ್ಯಾಕ್ಟೀರಿಯಾದ ಮೈಯೊಳಗಿನ ನೀರನ್ನೇ ಅದು ಹೀರಿಬಿಡುತ್ತದೆ; ಉಪ್ಪು ಹೆಚ್ಚಿದ್ದರೆ ಉಪ್ಪಿನಕಾಯಿ ಕೆಡದಿರುವುದೂ ಇದೇ ಲೆಕ್ಕದಲ್ಲಿ. ಆದರೆ ಗಾಯ ಸುಮ್ಮನಿರುವುದಿಲ್ಲ, ನೀರು ಸುರಿಸುತ್ತದೆ. ಜೇನು ತೆಳ್ಳಗಾಗಿ ಸಕ್ಕರೆಯ ಬಲ ಕುಂದುತ್ತದೆ. ಅಲ್ಲಿಂದ ಜೇನಿನ ಎರಡನೆಯ ಕೆಲಸ ಶುರು. ಮಕರಂದವನ್ನು ಗೂಡಿಗೆ ತರುವ ಹುಳ ಅದಕ್ಕೆ ತನ್ನ ತಲೆಯ ಗ್ರಂಥಿಯಿಂದ ಒಂದು ಕಿಣ್ವವನ್ನು ಸೇರಿಸಿರುತ್ತದೆ. ಗಟ್ಟಿ ಜೇನಿನಲ್ಲಿ ಆ ಕಿಣ್ವ ನಿದ್ದೆಯಲ್ಲಿರುತ್ತದೆ. ನೀರು ತಾಗಿದರೆ ಎಚ್ಚರವಾಗಿ, ಅದೇ ಸಕ್ಕರೆಯಿಂದ ಹೈಡ್ರೋಜನ್ ಪೆರಾಕ್ಸೈಡನ್ನು ಚೂರುಚೂರೇ, ತಾಸುಗಟ್ಟಲೆ ಮಾಡುತ್ತ ಹೋಗುತ್ತದೆ. ಮಾಂಸ ಸುಡುವಷ್ಟಲ್ಲ, ಬ್ಯಾಕ್ಟೀರಿಯಾ ಸಾಯುವಷ್ಟು. ಕುದಿಸಿದಿರೋ, ಕಿಣ್ವ ಸತ್ತಿತು. ಇಷ್ಟೇ ವಿಜ್ಞಾನ. ಇದನ್ನು ತಿಳಿಯಲು ಪದವಿ ಬೇಕಿಲ್ಲ, ತಿಳಿಯುವುದಿಲ್ಲವೆಂದು ಹಟ ಹಿಡಿಯಲು ಮಾತ್ರ ಬೇಕು.

ಹೀಗಾಗಿ ಜೇನು ತಿನ್ನುವುದನ್ನು ಕಾನೂನು ನಿಷೇಧಿಸಿತು. ಪಂಚಾಮೃತ ಎನ್ನುವುದು ನಾಲ್ಕೇ ಪದಾರ್ಥದ್ದಾಯಿತು. ಕಾಡಿನ ಹೆಜ್ಜೇನನ್ನು ಜನ ಶುರುವಿನಲ್ಲೇ ದೋಚಿ ಮುಗಿಸಿದ್ದರು, ಉಳಿದದ್ದು ಪೆಟ್ಟಿಗೆಯ ಹುಳಗಳು. ಸಾಕುವವರು ಪೆಟ್ಟಿಗೆಗಳನ್ನು ಲಾರಿಯಲ್ಲಿ ಹೇರಿಕೊಂಡು ಹೂವಿನ ಹಿಂದೆ ತಿರುಗುತ್ತಾರೆ: ಇಲ್ಲಿ ಸೂರ್ಯಕಾಂತಿ ಮುಗಿದರೆ ಸಾಸಿವೆ ಹೂವಿಗೆಂದು ಉತ್ತರಕ್ಕೆ. ಅವರು ತೆಗೆದ ಹನಿಹನಿಯೂ ನಮ್ಮ ಕೇಂದ್ರಕ್ಕೆ ಬರಬೇಕು. ನಾವು ಅದನ್ನು ಸೋಸಿ, ಒಳಗಿನ ಕೆಟ್ಟ ಬೀಜಾಣುಗಳು ಸಾಯಲೆಂದು ಗಾಮಾ ಕಿರಣ ಹಾಯಿಸಿ, ಜಾಡಿಗೆ ತುಂಬಿ ಕೊಡುತ್ತೇವೆ. ಕಿರಣಕ್ಕೆ ಕಿಣ್ವ ಜಗ್ಗುವುದಿಲ್ಲ, ಬೆಂಕಿಗೆ ಜಗ್ಗುತ್ತದೆ.

ನನ್ನ ಕೆಲಸ ತಟ್ಟೆ ನೋಡುವುದು. ಗಾಜಿನ ತಟ್ಟೆಯಲ್ಲಿ ಅಗರ್ ಎಂಬ ಪಾಚಿಯ ಅಂಟನ್ನು ಹೆಪ್ಪುಗಟ್ಟಿಸಿ, ಅದರ ಮೇಲೆ ಗಾಯದ ಬ್ಯಾಕ್ಟೀರಿಯಾ ಬಳಿದು, ನಡುವೆ ನೀರು ಬೆರೆಸಿದ ಜೇನಿನ ಹನಿ ಇಟ್ಟು ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಡುತ್ತೇವೆ. ಮರುದಿನ ತೆಗೆದರೆ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಮೊಸರಿನ ಕೆನೆಯ ಹಾಗೆ ಹಬ್ಬಿರುತ್ತದೆ, ಹನಿಯ ಸುತ್ತ ಮಾತ್ರ ಒಂದು ಸ್ವಚ್ಛ ಉಂಗುರ. ಅದಕ್ಕೆ ನಾವು ಬಳೆ ಅನ್ನುತ್ತೇವೆ. ಬಳೆ ಮೂಡಿದರೆ ಜೇನು ಜೀವಂತ. ಮೂಡದಿದ್ದರೆ ಅದು ಬೋಳು ತಟ್ಟೆ.

ಈಗ ಮೂಲದ ಪಾಪಕ್ಕೆ ಬರುತ್ತೇನೆ. ಸೂರ್ಯಕಾಂತಿಯ ಜೇನು ಬೇಗ ಹರಳುಗಟ್ಟುತ್ತದೆ. ಜಾಡಿಯೊಳಗೆ ರವೆಯ ಹಾಗೆ, ತುಪ್ಪದ ಹಾಗೆ ಬೆಳ್ಳಗೆ ಕೂತುಬಿಡುತ್ತದೆ. ಅದು ಅದರ ಹುಟ್ಟುಗುಣ. ನಮ್ಮ ಜನ ಒಪ್ಪಬೇಕಲ್ಲ. ಒಬ್ಬ ಲೋಟದ ನೀರಿಗೆ ಹನಿ ಬಿಟ್ಟು ತಳ ಮುಟ್ಟುತ್ತದೋ ನೋಡಿದ. ಇನ್ನೊಬ್ಬ ಬತ್ತಿಗೆ ಸವರಿ ಕಡ್ಡಿ ಗೀರಿದ. ಮತ್ತೊಬ್ಬ ನಾಯಿಯ ಮುಂದಿಟ್ಟು, ನಾಯಿ ಮೂಸಿ ಹೋಯಿತು, ಆದ್ದರಿಂದ ಅಸಲಿ ಎಂದ. ಅವನ ತಮ್ಮ, ನಾಯಿ ಮೂಸಿತು, ಆದ್ದರಿಂದ ನಕಲಿ ಎಂದ. ಕೊನೆಗೆ ಎಲ್ಲರೂ ಒಂದಾದದ್ದು ಒಂದೇ ಮಾತಿನಲ್ಲಿ: ಬೆಳ್ಳಗೆ ಗಟ್ಟಿಯಾಗಿದೆ, ಸಕ್ಕರೆ ಬೆರೆಸಿದ್ದಾರೆ. ಕಳ್ಳರು ಕೇಂದ್ರದವರು. ಒಂದು ದಿನ ಜಾಡಿ ಹಂಚುವ ಕಿಟಕಿಗೆ ಕಲ್ಲು ಬಿದ್ದವು. ಇಬ್ಬರು ನೌಕರರ ತಲೆ ಒಡೆಯಿತು.

ಮರುದಿನವೇ ನಿರ್ದೇಶಕರು, ಡಾಕ್ಟರ್ ವಸಂತ ಕೊಣ್ಣೂರ ಸಾಹೇಬರು, ದೊಡ್ಡ ಟ್ಯಾಂಕಿನ ಕೆಳಗೆ ಉಗಿ ಹಚ್ಚಿಸಿದರು. ಎಂಬತ್ತು ಡಿಗ್ರಿ. ಹರಳು ಕರಗಿ ಜೇನು ಬಂಗಾರದ ಬಣ್ಣಕ್ಕೆ ತಿರುಗಿತು. ನಾನು ಅವರ ಕೋಣೆಗೆ ಹೋದೆ. ಬಾಗಿಲು ತಟ್ಟಿದೆನೋ ಇಲ್ಲವೋ ನೆನಪಿಲ್ಲ.

“ಕಾಸಿದ್ರ ಅದು ಜೇನ ಅಲ್ರಿ ಸರ್, ಪಾಕ,” ಅಂದೆ.

“ಪಾಕನೂ ಕೆಲಸ ಮಾಡ್ತದ. ಸಕ್ಕರಿ ಹೆಚ್ಚಿದ್ದಲ್ಲಿ ಬ್ಯಾಕ್ಟೀರಿಯಾ ಬೆಳೀಯಂಗಿಲ್ಲ ಅಂತ ನಿಮಗ ನಾ ಹೇಳಬೇಕೇನು?”

“ಒಣಾ ಗಾಯಕ್ಕ ಹೌದ್ರಿ. ನೀರು ಸುರಿಯೋ ಗಾಯದಾಗ ತೆಳ್ಳಗಾತು ಅಂದ್ರ ಅದು ಬ್ಯಾಕ್ಟೀರಿಯಾಕ್ಕ ಹಬ್ಬದ ಊಟ. ತಟ್ಟಿ ತೋರಸ್ತೀನಿ, ಬರ್ರಿ.”

“ತಟ್ಟಿ ಬ್ಯಾರೆ, ಮನಷ್ಯಾ ಬ್ಯಾರೆ.” ಅವರು ಕನ್ನಡಕ ತೆಗೆದು ಒರೆಸಿದರು. ಜಗಳವಾಡುವಾಗ ಅವರು ಧ್ವನಿ ಏರಿಸುವುದಿಲ್ಲ, ಕನ್ನಡಕ ಒರೆಸುತ್ತಾರೆ. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. “ಜನ ಹಚ್ಚಿಕೊಳ್ಳದ ಔಷಧ ಇದ್ದರೆಷ್ಟು, ಬಿಟ್ಟರೆಷ್ಟು, ನೀಲಗಂಗಾ ಅವರ? ನಿಮ್ಮ ಜೀವಂತ ಜೇನ ಗಟಾರದಾಗ ಚೆಲ್ಲಿ ಹೋಗ್ಯಾರ. ನಾ ಕೊಡೂದನ್ನ ಮನೀಗೆ ಒಯ್ಯತಾರ.”

ಮಾತು ಅರ್ಧ ನಿಜ. ಅರ್ಧ ನಿಜದಷ್ಟು ಸಿಟ್ಟು ತರಿಸುವುದು ಬೇರೆ ಇಲ್ಲ. ಜನರಿಗೆ ತಿಳಿಸಿ ಹೇಳುವುದು ಕಷ್ಟದ ಕೆಲಸ, ಟ್ಯಾಂಕಿಗೆ ಉಗಿ ಹಚ್ಚುವುದು ಸುಲಭದ್ದು. ಹುಳ ಕೊಟ್ಟರೂ ಸಾಹೇಬ ಕೊಡ ಎಂದು ಅವರಿಗೆ ಕೇಳುವಂತೆಯೇ ಅಂದು ಹೊರಗೆ ಬಂದೆ.

ಆಮೇಲಿನ ತಟ್ಟೆಗಳೆಲ್ಲ ಬೋಳು. ಆಸ್ಪತ್ರೆಗಳಿಂದ ಸುದ್ದಿ ಬರತೊಡಗಿತು: ಕಟ್ಟು ಬಿಚ್ಚಿದರೆ ವಾಸನೆ, ಕೀವು, ಜ್ವರ. ಸಾಹೇಬರು ಅದಕ್ಕೂ ದಾರಿ ಹುಡುಕಿಟ್ಟಿದ್ದರು. ತಪ್ಪು ಜೇನು ಸಾಕುವವರದು, ಅವರು ಹುಳಗಳಿಗೆ ಸಕ್ಕರೆ ನೀರು ಕುಡಿಸಿ ಸತ್ವವಿಲ್ಲದ ಜೇನು ಕೊಟ್ಟಿದ್ದಾರೆ ಎಂದು ಮೇಲಕ್ಕೆ ಬರೆದರು. ಕೊಪ್ಪಳದ ಕಡೆಯ ಕೆಲವು ಸಾಕಣೆದಾರರನ್ನು ಪೊಲೀಸರು ಒಯ್ದು ಕೂಡಿಹಾಕಿದರು. ಬೆಂಗಳೂರಿನಿಂದ ತನಿಖಾ ಸಮಿತಿ ಬರುತ್ತದೆ ಎಂದಾಯಿತು. ಅದು ಗೊತ್ತಾದೊಡನೆ ಸಾಹೇಬರು ಇನ್ನೊಂದು ಆದೇಶ ಹೊರಡಿಸಿದರು. ಪ್ರತಿ ಬ್ಯಾಚಿನಿಂದಲೂ ಒಂದು ಜಾಡಿಯನ್ನು ಮಾದರಿಯೆಂದು ಕಪಾಟಿನಲ್ಲಿ ತೆಗೆದಿಡುವುದು ಪ್ರಯೋಗಾಲಯದ ಪದ್ಧತಿ. ಕಾಸುವುದಕ್ಕೆ ಮುಂಚಿನ ಆ ಮಾದರಿಗಳನ್ನೆಲ್ಲ ಟ್ಯಾಂಕಿಗೆ ಸುರಿಯಬೇಕು. ಜೇನು ಕಡಿಮೆಯಿದೆ, ಕಪಾಟಿನಲ್ಲಿ ಕೊಳೆಸುವುದು ಸಲ್ಲದು, ಎಂಬ ನೆಪ. ಪೆಟ್ಟಿಗೆಗಳು ಉತ್ತರದಲ್ಲಿದ್ದವು, ಇಲ್ಲಿ ಹೂವು ಮುಗಿದಿತ್ತು. ಆ ಜಾಡಿಗಳು ಹೋದರೆ ಕಾಸದ ಜೇನು ಈ ಸೀಮೆಯಲ್ಲೇ ಇರುತ್ತಿರಲಿಲ್ಲ. ನಾನು ಒಂದು ಜಾಡಿಯನ್ನು ರೊಟ್ಟಿಯ ಚೀಲದಲ್ಲಿ ಹಾಕಿಕೊಂಡು ಆಚೆ ತಂದೆ. ಕಳವು ಅನ್ನುವವರು ಅನ್ನಲಿ.

ಅದನ್ನು ಮನೆಗೆ ತರಲು ಇನ್ನೊಂದು ಕಾರಣ ಮನೆಯಲ್ಲೇ ಮಲಗಿತ್ತು.

ನನ್ನ ತಮ್ಮ ಚನ್ನವೀರ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹರಿದ ತಗಡೊಂದು ಬೂಟು ಸೀಳಿ ಅವನ ಪಾದದ ಮೇಲೆ ಅಂಗೈ ಉದ್ದ ಕುಯ್ದಿತ್ತು. ನಮ್ಮ ಅವ್ವ ಪಡಿತರದ ಜೇನು ತಂದು ಹಚ್ಚಿದಳು, ಅದೇ ಬಂಗಾರದ ಬಣ್ಣದ್ದು. “ನೋಡು, ಎಷ್ಟು ತಿಳಿ ಐತಿ. ಮೊದಲಿನ ಹಂಗ ಸಕ್ಕರಿ ಬೆರಸಿದ್ದಲ್ಲ,” ಅಂತ ನನಗೇ ತೋರಿಸಿದಳು. ಅದು ಸತ್ತ ಜೇನು, ಕಾಸಿ ಕೊಂದಿದ್ದಾರೆ ಅಂತ ನಾನು ಕೂಗಾಡಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ನನ್ನ ಕೂಗಾಟ ಅವಳಿಗೆ ನಲ್ಲಿಯ ಸದ್ದಿನ ಹಾಗೆ, ಬಂದು ಹೋಗುವಂಥದ್ದು.

ಗಾಯ ನೀರು ಸುರಿಸಿತು. ಪಾದ ಊದಿತು, ಕಣಕಾಲಿನವರೆಗೆ ಕೆಂಪಡರಿತು. ನೋಡಲು ಬಂದ ವೈದ್ಯರು ನನ್ನನ್ನು ಹೊರಗೆ ಕರೆದು, ಇನ್ನು ನಾಲ್ಕಾರು ದಿನದಲ್ಲಿ ತಿರುಗದಿದ್ದರೆ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಗುತ್ತದೆ ಅಂದರು. ಕತ್ತರಿಸುವುದೆಂದರೆ ಸಣ್ಣ ಗಾಯಕ್ಕೆ ಬದಲು ದೊಡ್ಡ ಗಾಯ. ಆ ದಿನಗಳಲ್ಲಿ ಕಾಲು ಕೊಟ್ಟು ಬಂದವರಲ್ಲಿ ಅರ್ಧಕ್ಕರ್ಧ ಜನ ಜೀವವನ್ನೂ ಕೊಡುತ್ತಿದ್ದರು.

ಹಾಗಾಗಿ ಜಾಡಿಯನ್ನು ಮನೆಗೆ ತಂದೆ. ಒಂದು ಚಮಚ ಸಮಿತಿಯ ತಟ್ಟೆಗೆ, ಉಳಿದದ್ದೆಲ್ಲ ಚನ್ನವೀರನ ಕಾಲಿಗೆ. ನಾನು ಲೆಕ್ಕ ಹಾಕಿದ್ದೆ, ಜಾಡಿ ತುಂಬ ಇದೆ, ಗಾಯ ತಿರುಗುವವರೆಗೆ ಸಾಕು. ಆಗಲೇ ಕೇಂದ್ರದಿಂದ ಫೋನು ಬಂತು. ಸಮಿತಿಯವರು ನಾಳೆಯೇ ಬರುತ್ತಾರಂತೆ, ಎಲ್ಲರೂ ಈಗಲೇ ಹಾಜರಾಗಬೇಕಂತೆ. ಜಾಡಿಯನ್ನು ಅಡುಗೆಮನೆಯ ಗೂಡಿನಲ್ಲಿಟ್ಟು ಅವ್ವನಿಗೆ ಹೇಳಿದೆ: “ಇದು ಚನ್ನವೀರನ ಔಷಧ. ನಾ ಬಂದು ಕಟ್ಟತೀನಿ. ಕೈ ಹಚ್ಚಬ್ಯಾಡ.”

ಸಂಜೆ ಬಂದೆ. ಜಾಡಿ ಅದೇ ಗೂಡಿನಲ್ಲಿತ್ತು. ಒಳಗಿನ ಜೇನು ಬಂಗಾರದ ಬಣ್ಣಕ್ಕಿತ್ತು.

ಒಲೆಯ ಪಕ್ಕದಲ್ಲಿ ಪಾತ್ರೆ ಬೋರಲಾಗಿತ್ತು, ಸೋಸಿದ ಬಿಳಿ ಬಟ್ಟೆ ತೊಳೆದು ಹರವಿತ್ತು. ಅವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. ಮುಖದಲ್ಲಿ ಹಬ್ಬದ ಅಡುಗೆ ಮುಗಿಸಿದ ಕಳೆ.

“ಅವಸರದಾಗ ಕೆಟ್ಟದ್ದ ತಂದಿದ್ದಿ ನೋಡು. ಎಲ್ಲಾ ಸಕ್ಕರಿ ಆಗಿತ್ತು. ಒಲಿ ಮ್ಯಾಲಿಟ್ಟು ಛಂದಂಗೆ ಕುದಿಸಿ, ಸೋಸಿ ಇಟ್ಟೀನಿ. ಮಗನ ಗಾಯಕ್ಕ ಹಚ್ಚೂದು, ಹೊಲಸು ಇರಬಾರದು ಅಂತ.”

ನಾನು ಏನೇನು ಅಂದೆನೋ ಬರೆಯುವುದಿಲ್ಲ. ಪಕ್ಕದ ಮನೆಯ ರಾಚವ್ವ ಗೋಡೆಯ ಮೇಲಿಂದ ಇಣುಕಿದಳು, ಅಷ್ಟು ಹೇಳಿದರೆ ಸಾಕು. ಅವ್ವ ಮೊದಲು ಬೆಪ್ಪಾಗಿ ನಿಂತಳು. ತಾನು ಏನು ಮಾಡಿದ್ದೇನೆಂದು ಅರ್ಥವಾದಂತೆಲ್ಲ ಅವಳ ಮುಖ ಸಣ್ಣದಾಯಿತು. ಆಮೇಲೆ ಅವಳೂ ತಿರುಗಿ ನಿಂತಳು.

“ಕಾಸಬಾರದು ಅಂತ ನೆಟ್ಟಗ ಹೇಳಬೇಕಿತ್ತು.”

“ನೂರು ಸಲ ಹೇಳೀನಲ್ಲಬೇ. ಈ ಮನ್ಯಾಗ ನಾ ಮತ್ತೇನ ಹೇಳೀನಿ?”

“ನೀ ಹೇಳೂದೆಲ್ಲಾ ಬೈದಂಗ ಇರತೈತಿ. ಯಾವುದು ಬೈಗಳ, ಯಾವುದು ಮಾತು ಅಂತ ಹೆಂಗ ತಿಳೀಬೇಕು?”

ಒಳಗಿನಿಂದ ಚನ್ನವೀರ ಕರೆದ. “ಅಕ್ಕಾ, ಬಿಡಬೇ. ಅವ್ವಗ ಬೈಬ್ಯಾಡ. ಡಿಪೋದಾಗ ನಾವೂ ಹಂಗ ಮಾಡ್ತೀವಿ, ಛಲೋ ಇದ್ದದ್ದನ್ನ ಬಿಚ್ಚಿ ಕೆಡಸ್ತೀವಿ.” ನಗಿಸಲು ಅಂದದ್ದು. ಜ್ವರದಿಂದ ಅವನ ನಾಲಿಗೆ ತೊದಲುತ್ತಿತ್ತು.

ಅವನ ಕಾಲು ನನ್ನ ಕಣ್ಣೆದುರೇ ಹೋಗುತ್ತಿತ್ತು. ಅದನ್ನು ಉಳಿಸುವ ಜೇನು ಅವನ ಹೆತ್ತವಳ ಒಲೆಯ ಮೇಲೆ ಸತ್ತಿತ್ತು. ನಾನು ಕಟ್ಟೆಯ ಮೇಲೆ ಕೂತು ಅತ್ತೆ. ಸಿಟ್ಟಿನಲ್ಲಿ ಅಳುವುದು ನಾಚಿಕೆಗೇಡು, ಆದರೂ ಅತ್ತೆ.

ಸ್ವಲ್ಪ ಹೊತ್ತಿಗೆ ಅವ್ವ ದೇವರ ಜಗಲಿಯ ಕಡೆಯಿಂದ ಬಂದಳು. ಕೈಯಲ್ಲಿ ಹಿತ್ತಾಳೆಯ ಸಣ್ಣ ಬಟ್ಟಲು. ಅದರಲ್ಲಿ ಒಂದು ಚಮಚದಷ್ಟು ಜೇನು, ಬೆಳ್ಳಗೆ, ರವೆ ರವೆಯಾಗಿ.

“ಕಾಸೂಕಿಂತ ಮೊದಲ ವೀರಭದ್ರಗ ಎಡಿ ಹಿಡದಿದ್ದೆ,” ಅಂದಳು. “ಎಷ್ಟ ವರ್ಷ ಆತು ದೇವರ ಮುಂದ ಜೇನ ಇಟ್ಟು. ದೇವರಿಗೆ ಒಲಿ ಮುಟ್ಟಿದ್ದು ಇಡಂಗಿಲ್ಲಲ್ಲ, ಹಂಗ ತಗದಿಟ್ಟೆ.”

ಎಂಥ ಮನೆಯಪ್ಪಾ ನಮ್ಮದು. ದೇವರಿಗೆ ಹಸಿಯದು, ಮಗನಿಗೆ ಕಾಸಿದ್ದು. ಕಲ್ಲಿನ ಮೂರ್ತಿಗೆ ಯಾವ ಗಾಯವಾಗಿತ್ತು? ಆದರೂ ಎದ್ದು ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಅದು ಜೀವಂತ ಜೇನು.

“ಹಚ್ಚು ಅವಗ,” ಅಂದಳು ಅವ್ವ.

ನಾನು ಒಳಗೆ ಹೋಗಿ ಕಟ್ಟು ಬಿಚ್ಚಿ ಗಾಯದ ಕಡೆ ನೋಡಿದೆ, ಬಟ್ಟಲಿನ ಕಡೆ ನೋಡಿದೆ. ಅಂಗೈ ಉದ್ದದ ಗಾಯ, ಈಗ ಬಾಯಿ ಬಿಟ್ಟು ಅಗಲವಾಗಿದೆ. ಪಟ್ಟಿಯ ತುಂಬ ದಪ್ಪಗೆ ಬಳಿದು ಮೇಲಿಂದ ಮೇಲೆ ಬದಲಿಸಿದರೆ ಮಾತ್ರ ಕೆಲಸ ಮಾಡುವಂಥದ್ದು. ಈ ಒಂದು ಚಮಚ ಒಂದು ಮೂಲೆಗೂ ಸಾಲದು, ಬೆಳಗಾಗುವುದರೊಳಗೆ ಕೀವಿನಲ್ಲಿ ತೊಳೆದು ಹೋಗುತ್ತದೆ. ತಟ್ಟೆಗಾದರೆ ಹನಿ ಸಾಕು.

“ಇದು ಅವನ ಕಾಲಿಗೆ ಸಾಲಂಗಿಲ್ಲವ್ವಾ. ಹಚ್ಚಿದರೂ ಉಪಯೋಗಿಲ್ಲ. ನಾಳೆ ಸಮಿತಿಯವರ ಮುಂದ ತಟ್ಟಿಗೆ ಹಾಕತೀನಿ.”

ಅವ್ವನ ದನಿ ತಗ್ಗಿತು. “ತಮ್ಮನ ಕಾಲಿಗಿಂತ ತಟ್ಟಿ ಹೆಚ್ಚಾತೇನು ನಿನಗ?”

“ಸಾಲಂಗಿಲ್ಲ ಅನ್ನಾಕತ್ತೀನಿ.”

“ಒಂದ ಹನಿ ಆದ್ರೂ ಹಚ್ಚಿ ನೋಡು. ದೇವರ ಪಾಲಿಂದು ಅದು, ಏನರ ಆದೀತು. ನಿನ್ನ ಕೈಲೆ ಆಗದಿದ್ರ ಇಲ್ಲಿ ಕೊಡು, ನಾ ಹಚ್ಚತೀನಿ.”

ಅವಳು ಬಟ್ಟಲಿಗೆ ಕೈ ಹಾಕಿದಳು. ನಾನು ಬಿಡಲಿಲ್ಲ. ಅರವತ್ತು ದಾಟಿದ ತಾಯಿಯ ಕೈಯಿಂದ ದೇವರ ಬಟ್ಟಲು ಕಿತ್ತುಕೊಂಡ ಮಗಳು ನಾನು. ಅವಳ ಬಳೆ ನನ್ನ ಮಣಿಕಟ್ಟಿಗೆ ಗೀರಿ ಗೆರೆ ಮೂಡಿತು, ರಕ್ತ ಬರಲಿಲ್ಲ. ಇಬ್ಬರೂ ಆ ಗೆರೆಯನ್ನು ನೋಡಿದೆವು. ಈ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಅವ್ವ ಕೈಬಿಟ್ಟಳು.

ಚನ್ನವೀರ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಮಲಗಿದಲ್ಲಿಂದಲೇ ಅಂದ: “ಅಕ್ಕಾ, ತಟ್ಟಿಗೆ ಬ್ಯಾಕ್ಟೀರಿಯಾನೂ ಬೇಕಲ್ಲ. ನನ್ನ ಕಾಲಿಂದ ತಗೊಂಡು ಹೋಗು. ಹೆಂಗೂ ಭರಪೂರ ಐತಿ.”

ಕಡ್ಡಿಗೆ ಹತ್ತಿ ಸುತ್ತಿ ಅವನ ಗಾಯ ಒರೆಸಿ ಸೀಸೆಗೆ ಹಾಕಿಕೊಂಡೆ. ಕಾಸಿದ ಜೇನನ್ನೇ ದಪ್ಪಗೆ ಹಚ್ಚಿ ಕಟ್ಟಿದೆ. ತೆಳ್ಳಗಾಗುವ ಮೊದಲು ಬದಲಿಸುತ್ತಿರು ಅಂತ ಅವ್ವನಿಗೆ ಅಂದೆ.

ಸಮಿತಿಯಲ್ಲಿ ಮೂವರು. ಮುಖ್ಯಸ್ಥೆ ಬೆಂಗಳೂರಿನ ಹಿರಿಯ ವಿಜ್ಞಾನಿ, ನಗದ ಹೆಂಗಸು. ಕೊಣ್ಣೂರ ಸಾಹೇಬರು ಅವರಿಗೆ ಚಹಾ ಕೊಡಿಸಿ, ಹೊಳೆಯುವ ಜಾಡಿಗಳನ್ನು ಸಾಲಾಗಿ ಇರಿಸಿ, ಸಾಕಣೆದಾರರ ಮೋಸದ ಕಥೆ ಹೇಳಿ ಮುಗಿಸಿದ್ದರು. ನಾನು ಮೇಜಿನ ಮೇಲೆ ಹಿತ್ತಾಳೆಯ ಬಟ್ಟಲು ಇಟ್ಟೆ. ಎಲ್ಲಿಂದ ಬಂತು ಎಂದು ಹೇಳಿದೆ, ಕದ್ದದ್ದನ್ನೂ ಹೇಳಿದೆ.

ಸಾಹೇಬರು ಕನ್ನಡಕ ಒರೆಸಿದರು. “ಮೇಡಂ, ಇದು ದೇವರ ಮುಂದಿನ ಪ್ರಸಾದ. ಹಿತ್ತಾಳಿಯೊಳಗ ತಾಮ್ರ ಇರ್ತದ, ತಾಮ್ರಕ್ಕೂ ಬ್ಯಾಕ್ಟೀರಿಯಾ ಸಾಯ್ತಾವ. ಇದರಿಂದ ಉಂಗುರ ಬಂದ್ರ ಅದು ಬಟ್ಟಲದ ಗುಣ, ಜೇನಿಂದಲ್ಲ.”

ಈ ಮಾತು ಬರುತ್ತದೆಂದು ನನಗೆ ಗೊತ್ತಿತ್ತು. ಕುಣಿಯಲಾರದವಳಿಗೆ ನೆಲ ಡೊಂಕು, ಸಾಹೇಬರಿಗೆ ಬಟ್ಟಲು ಡೊಂಕು. ಅದೇ ಜೋಡಿಯ ಇನ್ನೊಂದು ಬಟ್ಟಲಿನಲ್ಲಿ ಅವ್ವ ಕಾಸಿದ ಜೇನನ್ನು ರಾತ್ರಿಯಿಡೀ ಇಟ್ಟು ತಂದಿದ್ದೆ. “ತಾಮ್ರದ ಗುಣ ಆದ್ರ ಎರಡಕ್ಕೂ ಬಳಿ ಮೂಡಬೇಕಲ್ರಿ. ನೋಡೂಣು.”

ಮುಖ್ಯಸ್ಥೆ ತಾವೇ ಕೈಗವಸು ಹಾಕಿಕೊಂಡರು. ಚನ್ನವೀರನ ಕಾಲಿನ ಬ್ಯಾಕ್ಟೀರಿಯಾ ತಟ್ಟೆಯ ತುಂಬ ಬಳಿದರು. ನೀರು ಬೆರೆಸಿ ಮೂರು ಹನಿ ಇಟ್ಟರು: ದೇವರ ಬಟ್ಟಲಿನದು, ಅವ್ವ ಕಾಸಿದ್ದು, ಕೇಂದ್ರದ ಹೊಳೆಯುವ ಜಾಡಿಯದು. ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ತಮ್ಮ ಚೀಲದಲ್ಲಿ ಹಾಕಿಕೊಂಡರು. “ನಾಳೆ ಬೆಳಿಗ್ಗೆ ಎಲ್ಲರ ಮುಂದೆ ತೆಗೆಯೋಣ. ಅಲ್ಲೀವರೆಗೂ ಯಾರೂ ಮಾತಾಡೋದು ಬೇಡ,” ಅಂದರು.

ಬೆಳಿಗ್ಗೆ ನಾನು ಕೇಂದ್ರಕ್ಕೆ ಹೊರಡುವಾಗ ಚನ್ನವೀರನನ್ನು ಆಸ್ಪತ್ರೆಗೆ ಒಯ್ಯುತ್ತಿದ್ದರು. ಕೆಂಪು ಮೀನಖಂಡಕ್ಕೆ ಏರಿತ್ತು. ಅವ್ವ ವಾಹನದಲ್ಲಿ ಅವನ ತಲೆಯ ಬಳಿ ಕೂತಿದ್ದಳು. ನಾನೂ ಹತ್ತಲು ಹೋದೆ. “ನಿನ್ನ ತಟ್ಟಿ ಕಾಯಾಕತ್ತಾವ, ಹೋಗು,” ಅಂದಳು. ಅದಾದ ಮೇಲೆ ಅವಳು ನನ್ನೊಡನೆ ಮಾತು ಬಿಟ್ಟಳು.

ಮುಖ್ಯಸ್ಥೆ ಪೆಟ್ಟಿಗೆ ತೆರೆದು ತಟ್ಟೆಯನ್ನು ಬೆಳಕಿಗೆ ಹಿಡಿದರು. ಕೇಂದ್ರದ ಹನಿಯ ಸುತ್ತ ಏನೂ ಇಲ್ಲ, ಬ್ಯಾಕ್ಟೀರಿಯಾ ಹನಿಯನ್ನೂ ಮುಚ್ಚಿ ಬೆಳೆದಿತ್ತು. ಅವ್ವ ಕಾಸಿದ್ದರ ಸುತ್ತಲೂ ಏನೂ ಇಲ್ಲ. ದೇವರ ಬಟ್ಟಲಿನ ಹನಿಯ ಸುತ್ತ ಅಗಲವಾದ, ಸ್ವಚ್ಛವಾದ ಬಳೆ.

ಆ ಬಳೆಯನ್ನು ನಾನು ಎಷ್ಟೋ ವರ್ಷ ಸಾವಿರ ತಟ್ಟೆಗಳಲ್ಲಿ ನೋಡಿದ್ದೇನೆ. ಆದರೆ ಆವತ್ತು ಅದರಾಚೆ ಹಬ್ಬಿದ್ದದ್ದು ನನ್ನ ತಮ್ಮನ ಕಾಲನ್ನು ತಿನ್ನುತ್ತಿದ್ದ ಬ್ಯಾಕ್ಟೀರಿಯಾ. ಆ ಜಾಡಿ ಉಳಿದಿದ್ದರೆ ಅವನ ಕಾಲು ಉಳಿಯುತ್ತಿತ್ತು. ಅದು ಅಲ್ಲಿ, ಗಾಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಮೂಡಿತ್ತು. ನನಗೆ ಗೆದ್ದ ಸಂತೋಷ ಒಂದಿಷ್ಟೂ ಆಗಲಿಲ್ಲ.

“ಒಂದ ತಟ್ಟಿ ನೋಡಿ…” ಎಂದು ಸಾಹೇಬರು ಶುರುಮಾಡಿದರು.

“ಡಾಕ್ಟರ್ ಕೊಣ್ಣೂರ, ಮೊದಲು ಟ್ಯಾಂಕ್ ಆರಿಸಿ,” ಅಂದರು ಮುಖ್ಯಸ್ಥೆ. “ಆಮೇಲೆ ಎಷ್ಟು ತಟ್ಟೆ ಬೇಕಾದ್ರೂ ನೋಡೋಣ.”

ಉಗಿ ನಿಂತ ಸದ್ದು ಪ್ರಯೋಗಾಲಯದವರೆಗೂ ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಿಂದ ಫೋನು ಬಂತು. ಕತ್ತರಿಸಿ ಆಗಿತ್ತು.

ಸಾಕಣೆದಾರರನ್ನು ಬಿಟ್ಟರು. ಕೊಣ್ಣೂರ ಸಾಹೇಬರನ್ನು ಏನು ಮಾಡಿದರು ಅಂತೀರಿ? ಬೆಂಗಳೂರಿಗೆ ಕರೆಸಿಕೊಂಡು ಇನ್ನೂ ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಜಾಡಿ ಕದ್ದದ್ದಕ್ಕೆ ನನಗೆ ನೋಟಿಸು ಬಂತು. ಉತ್ತರದಿಂದ ಲಾರಿಗಳು ಮರಳಿದವು. ಸಾಸಿವೆಯ ಜೇನು, ಸೂರ್ಯಕಾಂತಿಯದಕ್ಕಿಂತ ಬೇಗ ಹರಳುಗಟ್ಟುವಂಥದ್ದು. ಅದನ್ನು ಕಾಸದೆ ಕೊಟ್ಟೆವು. ಚನ್ನವೀರನ ಮೊಣಕಾಲಿನ ಕೆಳಗಿನ ಮೋಟಿಗೆ ಮೊದಲ ಜಾಡಿ ಹೋಯಿತು. ಅದು ಮಾಯಿತು. ಅವನು ಬದುಕಿದ. ಈಗ ಊರುಗೋಲು ಹಿಡಿದು ಡಿಪೋಗೆ ಹೋಗಿ, ಬಿಡಿಭಾಗ ಕೊಡುವ ಕಿಟಕಿಯಲ್ಲಿ ಕೂರುತ್ತಾನೆ.

ಅವ್ವ ಮಾತ್ರ ನನ್ನ ತಟ್ಟೆಗೆ ರೊಟ್ಟಿ ಹಾಕುತ್ತಿದ್ದಳು, ಪಲ್ಯ ಹಾಕುತ್ತಿದ್ದಳು, ಒಂದು ಮಾತು ಹಾಕುತ್ತಿರಲಿಲ್ಲ. ನಾನೂ ಮಾತಾಡಿಸಲಿಲ್ಲ. ಹಟದಲ್ಲಿ ನಾನು ಯಾರ ಮಗಳು? ಜಾಡಿಯ ಮುಚ್ಚಳದ ಮೇಲೆ ‘ಕಾಸಬೇಡಿ’ ಎಂದು ಕೆಂಪಕ್ಷರದಲ್ಲಿ ಅಚ್ಚು ಹಾಕಿಸಿದೆ. ಯಾರೂ ಓದುವುದಿಲ್ಲ. ಮುಚ್ಚಳ ಓದುವ ಜನವಾಗಿದ್ದರೆ ನಾವು ಈ ಗತಿಗೆ ಬರುತ್ತಲೇ ಇರಲಿಲ್ಲ.

ಮೊನ್ನೆ ರಜೆಯ ದಿನ ನಾನು ಪಡಸಾಲೆಯಲ್ಲಿ ಕೂತಿದ್ದೆ. ಪಕ್ಕದ ಮನೆಯ ರಾಚವ್ವ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದಳು. ಅವಳ ಮೊಮ್ಮಗಳು ಬಿದ್ದು ಮೊಣಕೈ ತರಚಿಕೊಂಡಿದ್ದಳು. ಸೆರಗಿನಿಂದ ಜಾಡಿ ತೆಗೆದು ಅವ್ವನಿಗೆ ತೋರಿಸಿದಳು.

“ನೋಡಬೇ ಯಕ್ಕಾ, ಈ ಸಲ ಮತ್ತ ಸಕ್ಕರಿ ಬೆರಸ್ಯಾರ. ಗಟ್ಟಿ ಕುಂತೈತಿ. ಒಂದೀಟು ಬಿಸಿ ಮಾಡಿದ್ರ ತಿಳಿ ಆದೀತು, ಹೌದಿಲ್ಲೋ?”

ನನ್ನ ನಾಲಿಗೆಯ ತುದಿಗೆ ಬೈಗಳು ಬಂದಿತ್ತು. ಅಷ್ಟರಲ್ಲಿ ಅವ್ವ ಜಾಡಿ ಕೈಗೆ ತೆಗೆದುಕೊಂಡಳು. ಮುಚ್ಚಳ ಬಿಚ್ಚಿ, ಚೂರೇ ಚೂರು ಬೆರಳಿಗೆ ಹಚ್ಚಿಕೊಂಡು ಉಜ್ಜಿ ನೋಡಿದಳು. ಹರಳು ಬೆರಳಿಗೆ ಸಿಕ್ಕಿತು. ಮುಚ್ಚಳ ಬಿಗಿಯಾಗಿ ಹಾಕಿ ರಾಚವ್ವನ ಕೈಗೆ ವಾಪಸ್ ಇಟ್ಟಳು.

“ಇದು ಜೀವಂತ ಐತಿ. ಹಿಂಗ ಹಚ್ಚು, ದಪ್ಪಗ ಹಚ್ಚು. ಒಲಿ ಮ್ಯಾಲೆ ಇಟ್ಟಿ ಅಂದ್ರ ಈ ಮನಿ ಹೊಸ್ತಿಲ ತುಳೀಬ್ಯಾಡ. ಕಾಸಿದವರ ಮನ್ಯಾಗ ಒಂದು ಕಾಲು ಹೋಗೈತಿ, ಕಣ್ಣಿಗೆ ಕಾಣಂಗಿಲ್ಲೇನ ನಿನಗ?”

ಆ ದನಿಯನ್ನು ನಾನು ಎಲ್ಲಿ ಕೇಳಿದ್ದೆ ಎಂದು ಯೋಚಿಸಬೇಕಾಗಿರಲಿಲ್ಲ. ಅದು ನನ್ನದೇ ದನಿ. ರಾಚವ್ವ ಜಾಡಿಯನ್ನು ಎದೆಗವಚಿಕೊಂಡು ಸರಸರ ಹೊರಟುಹೋದಳು. ಅವ್ವ ಬೆರಳಿಗಂಟಿದ್ದ ಜೇನನ್ನು ಒರೆಸಿಕೊಳ್ಳಲಿಲ್ಲ, ನೆಕ್ಕಲೂ ಇಲ್ಲ. ಎತ್ತಿ ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ನನ್ನ ಕಡೆ ತಿರುಗದೆಯೇ ಮಾತಾಡಿದಳು.

“ನಿನ್ನ ಕೈಗೆ ಅವತ್ತ ಬಳಿ ಗೀರಿತ್ತು. ಮಾದೈತೇನು?”

ನಾನು ಮಣಿಕಟ್ಟು ಮುಂದೆ ಚಾಚಿ ತೋರಿಸಿದೆ. ಅಲ್ಲಿ ಏನೂ ಇರಲಿಲ್ಲ. ಆದರೂ ಅವಳು ಬೆರಳಿನ ಜೇನನ್ನು ಅಲ್ಲಿಗೇ ಒತ್ತಿ ಸವರಿದಳು.